ವೀಳ್ಯದ ಬೆಟ್ಟ

ಹೊನ್ನೇರಿಯಿಂದ ಬಡಗಣ ದಾರಿ ಹಿಡಿದು ಎರಡು ಹರಿದಾರಿ ನಡೆದರೆ ಬಲಕ್ಕೆ ಕಾಣುವ ಕರಿಬಂಡೆಗಳ ರಾಶಿಯೇ ವೀಳ್ಯದ ಬೆಟ್ಟ. ಎಲೆಬಳ್ಳಿ ಹಬ್ಬುವ ಮಾತಿರಲಿ, ಜಾಲಿಮುಳ್ಳು ಕೂಡ ಯೋಚಿಸಿ ಬೇರು ಬಿಡುವ ನೆಲ ಅದು. ಈ ಬೋಳುಗುಡ್ಡಕ್ಕೆ ಇಂಥ ಹೆಸರಿಟ್ಟ ರಸಿಕ ಯಾರಪ್ಪಾ ಎಂದು ಹೊಸಬರು ನಗುತ್ತಾರೆ. ಊರ ಹಿರಿಯರು ಮಾತ್ರ ನಗುವುದಿಲ್ಲ. ಹೆಸರು ಬಂದದ್ದು ದಳವಾಯಿ ಪೆನ್ನೋಬಣ್ಣನಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯ ಐವರು ಪಾಳೆಯಗಾರರು ತಮ್ಮ ಮೇಲಿನ ಅರಸನ ವಿರುದ್ಧ ತಿರುಗಿಬಿದ್ದು ಒಕ್ಕೂಟ ಕಟ್ಟಿಕೊಂಡರು. ಅದರ ದಂಡಿಗೆ ಆ ಐವರಲ್ಲೊಬ್ಬನಾದ ಹೊನ್ನೇರಿಯ ತಿಮ್ಮರಸ ನಾಯಕ ತನ್ನ ಪೆನ್ನೋಬಣ್ಣನನ್ನೇ ದಳವಾಯಿ ಮಾಡಿದ. ಪೆನ್ನೋಬಣ್ಣ ಕುದುರೆ ಲಾಯದಲ್ಲಿ ಹುಲ್ಲು ಹೊತ್ತು ಬೆಳೆದವನು. ಕವಣೆಯ ಆಳಾಗಿ ದಂಡು ಸೇರಿ, ಇಪ್ಪತ್ತು ವರ್ಷಗಳಲ್ಲಿ ಮೂರು ಕೋಟೆ ಗೆದ್ದು ಒಂದು ಕಣ್ಣು ಕಳೆದುಕೊಂಡವನು. ಅಂದಿನ ಕಟ್ಟಳೆಯಂತೆ ನಾಯಕ ತುಂಬಿದ ಸಭೆಯಲ್ಲಿ ಅವನಿಗೆ ರಣವೀಳ್ಯ ಕೊಟ್ಟ. ಅದನ್ನು ಸೊಂಟದಲ್ಲಿ ಕಟ್ಟಿಕೊಂಡು, ಯುದ್ಧ ಪೂರ್ತಿ ಗೆದ್ದ ದಿನವೇ ಮೆಲ್ಲಬೇಕು. ನಡುವೆ ಕಾಳಗ ಬಿಡಬೇಕಾದರೆ ಕೊಟ್ಟ ಕೈಯೇ ಅದನ್ನು ಮರಳಿ ಪಡೆಯಬೇಕು. ಹಾಗಲ್ಲದೆ ಹಿಂದಿರುಗಿದವನ ಮನೆಗೆ ಯಾರೂ ಹೆಣ್ಣು ಕೊಡರು, ಅವನ ಹೆಣಕ್ಕೆ ಹೆಗಲು ಕೊಡರು. ಪೆನ್ನೋಬಣ್ಣ ತನ್ನ ಮುನ್ನೂರು ಆಳುಗಳಿಗೆ ತಾನೇ ವೀಳ್ಯ ಹಂಚಿದ.

ಮೊದಲೆರಡು ಕಾಳಗ ಅವನದಾಯಿತು. ಮೂರನೆಯದರಲ್ಲಿ ಸೋಲು ಕಂಡದ್ದೇ, ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ಪಾಳೆಯಗಾರರು ಒಬ್ಬೊಬ್ಬರಾಗಿ ಅರಸನ ಕಾಲಿಗೆ ಬಿದ್ದರು. ಅದು ತಿಳಿಯುವ ಹೊತ್ತಿಗೆ ದಳವಾಯಿ ಈ ಬೆಟ್ಟ ಹತ್ತಿ ತುದಿಯ ಹಳೆಯ ಕೋಟೆ ಸೇರಿದ್ದ, ಅರಸನ ದಂಡು ಸುತ್ತ ಇಳಿದಿತ್ತು. ಆಯುಧವಿಟ್ಟು ಇಳಿದು ಬಂದವರಿಗೆ ಜೀವದಾನ ಎಂದು ಕೆಳಗೆ ಡಂಗುರ ಹೊಡೆಸಿದರು. ಒಬ್ಬ ಆಳೂ ಕದಲಲಿಲ್ಲ. ಎಲ್ಲರ ಸೊಂಟದಲ್ಲೂ ಅವನು ಕೊಟ್ಟ ವೀಳ್ಯವಿತ್ತು. ಹತ್ತೊಂಬತ್ತನೆಯ ದಿನ ಬಂಡೆಯ ನಡುವಿನ ದೊಣೆಯ ನೀರು ಕೆಸರಾಯಿತು. ನಾಲಿಗೆ ಊದಿದ ಆಳುಗಳ ಮುಖ ನೋಡಲಾರದೆ ಪೆನ್ನೋಬಣ್ಣ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ತನಗೆ ಕೇಡಾಗಲಿ, ಇವರ ಹೆಂಡಿರು ಮಕ್ಕಳು ಏನು ಮಾಡಿದ್ದರು ಎಂದು ಮರುಗುತ್ತಿದ್ದ. ನಾಯಕನ ಕಾಳಗವನ್ನು ತಾನಾಗಿ ಬಿಡುವ ಹಕ್ಕು ತನಗಿಲ್ಲವೆಂದು, ಕಡೆಗೆ ಮುದಿಯಪ್ಪನೆಂಬ ಹಳೆಯ ಆಳನ್ನು ಇರುಳಲ್ಲಿ ದಂಡಿನ ಕಣ್ಣು ತಪ್ಪಿಸಿ ನಾಯಕನ ಬಳಿಗೆ ಕಳಿಸಿದ. ಬೆಟ್ಟದ ಬುಡಕ್ಕೆ ಬಂದು ಒಮ್ಮೆ ಕೈಚಾಚಿದರೆ ಸಾಕು, ತಾನೂ ತನ್ನವರೂ ಇಳಿಯುತ್ತೇವೆ ಎಂದು ಹೇಳಿಸಿದ.

ಮುದಿಯಪ್ಪ ಮರಳಿ ಬಂದು ತಲೆ ತಗ್ಗಿಸಿ ನಿಂತ. "ನಾಯಕ್ರು ಬರಾದಿಲ್ಲ. ನಾನು ವೀಳ್ಯ ಕೊಟ್ಟೇ ಇಲ್ಲ, ದಳವಾಯಿ ತನ್ನ ಪಾಡಿಗೆ ದಂಗೆ ಎದ್ದ ಅಂತ ಅರಸರಿಗೆ ಓಲೆ ಬರ್ಕೊಟ್ಟಾರಂತೆ."

ವೀಳ್ಯ ಮರಳಿ ಪಡೆದರೆ ಕೊಟ್ಟದ್ದನ್ನು ಒಪ್ಪಿಕೊಂಡಂತೆ; ನಾಯಕನ ತಲೆ ಹೋಗುತ್ತಿತ್ತು. ಪೆನ್ನೋಬಣ್ಣನಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಇಂಥವನಿಗಾಗಿ ಇಪ್ಪತ್ತು ವರ್ಷ ಸವೆಸಿದೆನಲ್ಲಾ ಎಂದುಕೊಂಡು ಎದ್ದ. "ಅವ್ರು ಕೊಟ್ಟಿಲ್ವಂತೆ. ನಾನಂತೂ ಕೊಟ್ಟೀನಿ. ಎಲ್ಲಾರ್ನೂ ಕರಿ ಮಾವ," ಎಂದ. ಕೋಟೆ ಬಾಗಿಲಲ್ಲಿ ನಿಂತು ಒಬ್ಬೊಬ್ಬನ ಮುಂದೆಯೂ ಕೈಚಾಚಿದ. ಉಳಿದಿದ್ದ ಇನ್ನೂರ ಎಂಬತ್ತು ಜನ ಒಣಗಿ ಪುಡಿಯಾಗುತ್ತಿದ್ದ ಎಲೆಗಳನ್ನು ಅಳುತ್ತ ಅವನ ಅಂಗೈಗಿಟ್ಟು, ಮಾನದೊಂದಿಗೆ ಬೆಟ್ಟ ಇಳಿದರು. ಕೊನೆಯವನು ಮುದಿಯಪ್ಪ. ತನ್ನ ಎಲೆ ಕೊಟ್ಟು, "ನಿಂದು?" ಎಂದು ದಳವಾಯಿಯನ್ನೇ ಕೇಳಿದ.

"ಯಾರ ಕೈಗೆ ಕೊಡ್ಲಿ ಮಾವ?"

ಅರಸನ ಸೇನಾಪತಿಗೂ ಮನಸ್ಸು ಕರಗಿತಂತೆ. ಅವನೇ ಬೆಟ್ಟ ಹತ್ತಿ ಬಂದು, ತನಗೆ ಕೊಡೆಂದು ಕೈ ನೀಡಿದ. "ನಿಮ್ಮದು ದೊಡ್ಡ ಕೈ, ಸ್ವಾಮೀ. ಕೊಟ್ಟ ಕೈ ಅಲ್ಲ," ಎಂದ ಪೆನ್ನೋಬಣ್ಣ. ಕೊಟ್ಟ ನೀರನ್ನೂ ಮುಟ್ಟದೆ, ವೀಳ್ಯಗಳ ರಾಶಿಯ ಪಕ್ಕದಲ್ಲೇ ಮೂರನೆಯ ದಿನ ಪ್ರಾಣ ಬಿಟ್ಟ. ಅಂದಿನಿಂದ ಇದು ವೀಳ್ಯದ ಬೆಟ್ಟವಾಯಿತು.

ಮೇಲಿನ ಬಾಗಿಲ ಬಳಿ ಅವನ ವೀರಗಲ್ಲು ಈಗಲೂ ಇದೆ. ಒಕ್ಕಣ್ಣಿನ ಆಳು, ಮುಂದೆ ನೀಡಿದ ಬಲಗೈಯಲ್ಲೊಂದು ಎಲೆ. ಆ ಇನ್ನೂರ ಎಂಬತ್ತು ಮನೆಗಳ ಕುಡಿಗಳು ವರ್ಷಕ್ಕೊಮ್ಮೆ ಬರುತ್ತಾರೆ. ಹೂವು ಕಾಯಿ ಏನೂ ತರುವುದಿಲ್ಲ. ಕಲ್ಲಿನ ಮುಂದೆ ಸಾಲಾಗಿ ನಿಂತು ಬರಿಯ ಅಂಗೈ ಚಾಚಿ, "ಕೊಟ್ಬಿಡಪ್ಪಾ, ಸಾಕು," ಎನ್ನುತ್ತಾರೆ.