ಗಳ ಹಿಡಿದ ಮ್ಯಾನೇಜರು

ಒಂದೂರಲ್ಲಿ ಒಬ್ಬ ವಿಮೆ ಗುಮಾಸ್ತ ಇದ್ನಂತೆ. ಮ್ಯಾನೇಜರು ಬಂದು ರೇಗಿದ್ರು. "ಫಾರಿನ್ನಲ್ಲಿ ಮನೆಮನೆಗೂ ವಿಮೆ ಇದೆಯಯ್ಯ! ಇಲ್ಲಿ ಯಾಕಿಲ್ಲ? ಇವತ್ತು ಒಂದಾದ್ರೂ ಪಾಲಿಸಿ ಮಾಡ್ಸು, ಇಲ್ಲಾಂದ್ರೆ ಕೆಲಸ ಬಿಡು!"

ಗುಮಾಸ್ತ ಅವರನ್ನ ಕುಂಬಾರ ಬೀದಿಗೆ ಕರ್ಕೊಂಡು ಹೋದ. ಅಲ್ಲಿ ಪುಟ್ಟಗೌರಮ್ಮ ಅನ್ನೋ ಮುದುಕಿ ಮನೆ ಸೂರು ಸುಟ್ಟುಹೋಗಿತ್ತು. ಬೀದಿಯವರೆಲ್ಲ ಸೇರಿ ಹೊಸದು ಕಟ್ತಿದ್ರು.

"ಇದೇ ಸಾರ್ ನಮ್ಮೂರ ವಿಮೆ. ಮುಯ್ಯಿ ಅಂತೀವಿ, ಇವತ್ತು ಇವ್ರಿಗೆ ನಾವು, ನಾಳೆ ನಮಗೆ ಇವ್ರು. ದುಡ್ಡು ಬಂದು ಪಕ್ಕದ್ಮನೆ ಮರೆತ್ಮೇಲೆ ಜನ ವಿಮೆಗೆ ನಿಮ್ಹತ್ರ ಬರ್ತಾರೆ. ನಿಮ್ಮ ಪಕ್ಕದ್ಮನೆಯವರ ಹೆಸರೇನು ಸಾರ್?"

ಹೆಸರು ಗೊತ್ತಿಲ್ಲದ ಮ್ಯಾನೇಜರು ತಿರುಗಿ ಸೂರು ಕಟ್ಟೋದನ್ನ ನೋಡ್ತಾ ನಿಂತ್ರು.

"ಸುಮ್ನೆ ನಿಂತಿದ್ದೀಯಲ್ಲಪ್ಪ, ಈ ಬಿದಿರ ಗಳ ಹಿಡ್ಕೊ," ಅಂದ್ಲು ಪುಟ್ಟಗೌರಮ್ಮ.

ಹಿಡ್ಕೊಂಡ್ರು. ಸಂಜೆವರೆಗೂ ಬಿಡಲಿಲ್ಲ.

ಹೊರಡುವಾಗ ಅವಳಂದ್ಲು, "ನಿನ್ಮನೆಗೇನಾದ್ರೂ ಆದ್ರೆ ಹೇಳ್ಕಳ್ಸು ಮಗ. ಬೀದಿಗೆ ಬೀದಿನೇ ಬರ್ತೀವಿ."



ಗುಮಾಸ್ತ ಮೆಲ್ಲಗೆ ಅಂದ, "ಒಂದು ಪಾಲಿಸಿ ಆಯ್ತು ಸಾರ್. ನಿಮ್ದೇ."