ಹೊಲಿಯದೆ ಬಿಟ್ಟ ಮೂಲೆ

“ಅಜ್ಜಾವರೇ, ಮನೆಮನೆಗೆ ಹೋಗಿ ಮುದುಕರನ್ನು ನೋಡಿಕೊಳ್ಳುವ ದಾದಿ ಕೆಲಸ ಬಲ್ಲವಳು ಎಂದು ಯಾವುದರಿಂದ ತಿಳಿಯಬೇಕು?”

ಗುರುಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಶಿಷ್ಯ ಕೇಳಿದ. ಕೇಳಿದ್ದು ಇದೇ ಮೊದಲಲ್ಲ. ಪಕ್ಕದ ಊರಿನವರು, ತಮ್ಮಲ್ಲಿಯೂ ಮುದುಕರ ಮನೆಗೆ ದಾದಿಯರನ್ನು ಕಳಿಸುವ ಏರ್ಪಾಡು ಆಗಲಿ ಎಂದು ಅವನನ್ನು ಕರೆದಿದ್ದರು. ದಾದಿಯರನ್ನು ಆರಿಸಬೇಕಾದವನು ಅವನೇ. ಈ ಒಂದು ಮಾತಿಗೆ ಉತ್ತರ ಸಿಕ್ಕ ದಿನ ಬಸ್ಸು ಹತ್ತುತ್ತೇನೆ ಎಂದು ಅವನು ಹೇಳಿದ್ದ. ಗುರುಗಳು ಒಂದು ಕತೆ ಹೇಳಿದ್ದರು. ಕತೆ ಕೇಳಿದ ಮೇಲೆ ಅವನಿಗೆ ಮೊದಲು ತಿಳಿದಿದ್ದದ್ದೂ ಕಲಸಿಹೋಯಿತು. ಬಸ್ಸು ಹೋಯಿತು. ಮರುದಿನ ಮತ್ತೆ ಕೇಳಿದ, ಮತ್ತೊಂದು ಕತೆ ಬಂತು, ಆ ದಿನದ ಬಸ್ಸೂ ಹೋಯಿತು. ಹೀಗೇ ನಡೆದುಕೊಂಡು ಬಂದಿತ್ತು.

ಮಠದಲ್ಲಿ ಗುರುಗಳ ಜೊತೆ ಉಳಿದಿದ್ದವನು ಅವನೊಬ್ಬನೇ. ಉಳಿದ ಶಿಷ್ಯರು ತಮ್ಮ ತಮ್ಮ ಉತ್ತರ ಪಡೆದುಕೊಂಡು ಎಂದೋ ಹೋಗಿದ್ದರು.

ಈ ದಿನ ಶಿಷ್ಯ ಚೀಲ ಕಟ್ಟಿ ಮಗ್ಗುಲಲ್ಲಿಯೇ ಇಟ್ಟುಕೊಂಡಿದ್ದ.

“ಇವತ್ತು ಕತೆ ಬೇಡ, ಅಜ್ಜಾವರೇ. ನೇರ ಒಂದು ಮಾತು ಹೇಳಿಬಿಡಿ.”

“ಇದು ಕತೆಯಲ್ಲಪ್ಪ, ನಡೆದದ್ದು,” ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಊರಲ್ಲಿ ಒಬ್ಬ ದಾದಿ ಇದ್ದಳು. ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಮಾತ್ರೆ ಉಗುಳುವವರಿಗೆ ಪುಸಲಾಯಿಸಿ ನುಂಗಿಸುವುದು, ನಡುಗುವವರನ್ನು ಬೀಳದಂತೆ ಬಚ್ಚಲಿಗೆ ನಡೆಸುವುದು, ಎಲ್ಲ ಬಲ್ಲವಳು. ಅದರಲ್ಲಿಯೂ ಗಾಯದ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳು ಪಟ್ಟಿ ಕಟ್ಟಿದ ಗಾಯ ಮಾಯದೆ ಉಳಿದದ್ದನ್ನು ಯಾರೂ ನೋಡಿರಲಿಲ್ಲ. ಜನ ಅವಳ ಕೈಗುಣ ದೊಡ್ಡದು ಎನ್ನುತ್ತಿದ್ದರು.

ದಾದಿಯರ ಮೇಲೆ ಒಬ್ಬ ಹಿರಿಯ ದಾದಿ ಇದ್ದಳು. ಅವಳು ಎಲ್ಲರನ್ನೂ ಕೇಳುತ್ತಿದ್ದದ್ದು ಒಂದೇ ಮಾತು, ಗಾಯ ಮಾಯಿತೇ? ಮಾಯಿತು ಎಂದರೆ ಆ ಮನೆ ಬಿಡಬೇಕು, ಮುಂದಿನ ಮನೆಗೆ ಹೋಗಬೇಕು. ಅದು ತಪ್ಪೂ ಅಲ್ಲ. ಮುದುಕರು ಬಹಳ, ದಾದಿಯರು ಕಡಿಮೆ.

ಅದೇ ಊರಲ್ಲಿ ಫಕೀರವ್ವ ಎಂಬ ಮುದುಕಿ ಇದ್ದಳು. ಕೌದಿ ಹೊಲಿಯುವವಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ದಪ್ಪ ಸೂಜಿಯಿಂದ ಹೊಲಿದು ಹೊದಿಕೆ ಮಾಡಿಕೊಡುತ್ತಿದ್ದಳು. ಕೈ ನಡುಗತೊಡಗಿದ ಮೇಲೆ ಹೊಲಿಗೆ ನಿಂತಿತು. ಮನೆ ತುಂಬ ಜನ. ಮಗ, ಸೊಸೆ, ಮೊಮ್ಮಕ್ಕಳು. ಹೊತ್ತಿಗೆ ಸರಿಯಾಗಿ ರೊಟ್ಟಿ ಕೊಡುತ್ತಿದ್ದರು, ಬಟ್ಟೆ ಒಗೆದು ಕೊಡುತ್ತಿದ್ದರು. ಅವಳ ಮುಂದೆ ಹಾದು ಹೋಗುವವರು ಬಹಳ, ಕುಳಿತುಕೊಳ್ಳುವವರು ಯಾರೂ ಇಲ್ಲ.

ಒಂದು ದಿನ ಮಂಚದ ಕಾಲು ತಗುಲಿ ಮುದುಕಿಯ ಮೊಳಕಾಲ ಕೆಳಗೆ ಗಾಯವಾಯಿತು. ಅದು ಹುಣ್ಣಾಯಿತು. ದಾದಿ ಬಂದಳು.

ದಾದಿ ನೆಲದ ಮೇಲೆ ಕುಳಿತು ಮುದುಕಿಯ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ನಿಧಾನಕ್ಕೆ ತೊಳೆದಳು. ಏನು ಉಂಡೆ, ನಿದ್ದೆ ಬಂತೇ ಎಂದು ಕೇಳಿದಳು. ಮುದುಕಿ ಉತ್ತರ ಹೇಳುತ್ತ ಹೇಳುತ್ತ ತಾನು ಯಾವ ಯಾವ ಮನೆಯಲ್ಲಿ ಕುಳಿತು ಹೊಲಿದೆ, ಆ ಮನೆಯ ಹೆಂಗಸರು ಏನೇನು ಅಂದರು, ಎಲ್ಲ ಹೇಳಿದಳು. ದಾದಿ ಬಂದಿದ್ದಾಳೆಂದು ಸೊಸೆ ಚಾಪೆ ಹಾಸಿದಳು, ಚಹಾ ಮಾಡಿದಳು. ಮಗ ಹೊರಗೆ ಹೋಗುವುದನ್ನು ಬಿಟ್ಟು ಬಂದು ನಿಂತ. ಮೊಮ್ಮಕ್ಕಳು ಸುತ್ತ ಕೂತರು. ಪಕ್ಕದ ಮನೆಯವಳು ಇಣುಕಿದಳು. ಎಲ್ಲರೂ ಮುದುಕಿಯ ಕಾಲನ್ನೇ ನೋಡಿದರು.

ಗಾಯ ದಿನೇ ದಿನೇ ಸಣ್ಣದಾಯಿತು. ಇನ್ನೇನು ಮುಚ್ಚಿಕೊಂಡಿತು ಅನ್ನುವಾಗ ಮತ್ತೆ ಬಾಯಿ ಬಿಟ್ಟಿತು.

ದಾದಿ ಸಕ್ಕರೆ ರೋಗವಿರಬೇಕು ಎಂದುಕೊಂಡು ರಕ್ತ ಪರೀಕ್ಷೆ ಮಾಡಿಸಿದಳು. ಸಕ್ಕರೆ ಇರಲಿಲ್ಲ. ಔಷಧ ಬದಲಿಸಿದಳು. ಗಾಯ ಸಣ್ಣದಾಯಿತು, ಮತ್ತೆ ತೆರೆದುಕೊಂಡಿತು. ಕೊನೆಗೆ ಸೊಸೆಯ ಮೇಲೆ ಅನುಮಾನ ಬಂತು.

“ಪಟ್ಟಿಗೆ ನೀರು ತಾಗಸ್ತೀರೇನ್ರಿ?”

“ನಾ ಯಾಕ ತಾಗಸ್ಲಿ ನರ್ಸಬಾಯಿ? ನನ್ನ ಲಗ್ನದ ಸೀರಿ ಸುದ್ದಾ ಇಷ್ಟು ಜ್ವಾಕಿ ಮಾಡಿಲ್ಲ, ಅತ್ತಿ ಕಾಲು ನೋಡ್ಕೊಂಡಂಗ.”

ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ದಾದಿಗೆ ಛಲ ಬಂತು. ರಜೆ ಹಾಕಿ ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋದಳು. ಅಲ್ಲಿ ಗಾಯ ಕಟ್ಟುವವರ ಪಕ್ಕದಲ್ಲಿ ನಿಂತು ಹೊಸ ಹೊಸದನ್ನು ಕಲಿತಳು. ಕಲಿತದ್ದನ್ನೆಲ್ಲ ಮುದುಕಿಯ ಕಾಲಿನ ಮೇಲೆ ಮಾಡಿದಳು. ಅಲ್ಲಿ ಏನೂ ಆಗಲಿಲ್ಲ. ಆದರೆ ಅದನ್ನೇ ಬೇರೆ ಮನೆಗಳಲ್ಲಿ ಮಾಡಿದಾಗ ಅಲ್ಲಿಯ ಗಾಯಗಳು ಮೊದಲಿಗಿಂತ ಬೇಗ ಮಾಯತೊಡಗಿದವು.

“ಹಾಗಾದರೆ ಅವಳು ಇನ್ನೂ ಬಲ್ಲವಳಾದಳು,” ಎಂದ ಶಿಷ್ಯ.

“ಮುದುಕಿಯ ಕಾಲು ಹಾಗೇ ಇತ್ತಲ್ಲಪ್ಪ.”

“ಹಾಗಾದರೆ ಬಲ್ಲವಳಲ್ಲ.”

“ತಿಕ್ಕುವುದನ್ನು ಯಾಕೆ ನಿಲ್ಲಿಸಿದೆ?” ಎಂದು ಗುರುಗಳು ಮುಂದೆ ಹೇಳಿದರು.

ವೈದ್ಯರು ಬಂದು ನೋಡಿದರು. ಹುಣ್ಣು ಆಳಕ್ಕೆ ಇಳಿಯುತ್ತಿದೆ, ಎಲುಬಿಗೆ ಮುಟ್ಟಿದರೆ ಕಾಲು ತೆಗೆಯಬೇಕಾಗುತ್ತದೆ ಎಂದರು. ಹಿರಿಯ ದಾದಿ ಇವಳನ್ನು ಕರೆದು, “ಇದು ನಿನ್ನ ಕೈಯಿಂದ ಆಗುವ ಕೆಲಸವಲ್ಲ,” ಎಂದಳು. ಆ ಮನೆಗೆ ಇನ್ನೊಬ್ಬಳನ್ನು ಹಾಕಿದಳು.

ಈ ಇನ್ನೊಬ್ಬಳು ಅವಸರದವಳು. ಚಾಪೆ ಹಾಸಿದರೆ ಕೂರುತ್ತಿರಲಿಲ್ಲ, ಚಹಾ ಕೊಟ್ಟರೆ ಮುಟ್ಟುತ್ತಿರಲಿಲ್ಲ. ನಿಂತಲ್ಲಿಂದಲೇ ಬಗ್ಗಿ ಹಳೆಯ ಪಟ್ಟಿಯನ್ನು ಸರ್ರನೆ ಎಳೆಯುತ್ತಿದ್ದಳು. ಮುದುಕಿ ಹಾ ಎಂದರೆ, “ಏನೂ ಆಗೂದಿಲ್ಲ, ಸುಮ್ನಿರು,” ಎನ್ನುತ್ತಿದ್ದಳು. ಮೊಮ್ಮಕ್ಕಳು ಓಡಿ ಬರುವುದರೊಳಗೆ ಅವಳು ಅಂಗಳ ದಾಟಿರುತ್ತಿದ್ದಳು.

ಗಾಯ ಮಾಯಿತು. ಚೊಕ್ಕಟವಾಗಿ ಮಾಯಿತು. ಗುರುತು ಮಾತ್ರ ಉಳಿಯಿತು.

ಶಿಷ್ಯ ತಲೆ ಎತ್ತಿ ಗುರುಗಳ ಮುಖ ನೋಡಿದ. ಅವರು ತಮಾಷೆ ಮಾಡುತ್ತಿರುವಂತೆ ಕಾಣಲಿಲ್ಲ.

ಹಿರಿಯ ದಾದಿ ಎಲ್ಲರನ್ನೂ ಸೇರಿಸಿ ಅವಸರದವಳನ್ನು ಹೊಗಳಿದಳು. ಕೈಗುಣದವಳಿಗೆ, “ನೀನು ಅವಳ ಜೊತೆ ಹೋಗಿ ನೋಡಿ ಕಲಿ,” ಎಂದಳು. ಕೈಗುಣದವಳು ತನ್ನನ್ನೇ ಕೇಳಿಕೊಂಡಳು. ನಾನು ಕಲಿತದ್ದೆಲ್ಲ ಸುಳ್ಳೇ? ಸುಳ್ಳಾಗಿದ್ದರೆ ಬೇರೆ ಮನೆಯ ಗಾಯಗಳು ಹೇಗೆ ಮಾಯಿದವು? ನಿಜವಾಗಿದ್ದರೆ ಈ ಒಂದು ಯಾಕೆ ಮಾಯಲಿಲ್ಲ? ಅವಳಿಗೆ ತಿಳಿಯಲಿಲ್ಲ. ತಿಳಿಯದ ಕೈಯನ್ನು ಇನ್ನೊಬ್ಬರ ಮೈಮೇಲೆ ಇಡಬಾರದು, ಕೆಲಸ ಬಿಟ್ಟುಬಿಡುತ್ತೇನೆ ಎಂದು ನಿಶ್ಚಯಿಸಿದಳು. ಬಿಡುವ ಮೊದಲು ಒಂದು ಸಲ ಆ ಕಾಲನ್ನು ನೋಡಬೇಕು ಅನಿಸಿತು. ಹೋದಳು.

ಮುದುಕಿ ಅವಳನ್ನು ಕಂಡು ಎದ್ದು ಕುಳಿತಳು. ಕೇಳದೆಯೇ ಕಾಲು ಚಾಚಿದಳು.

“ಆಯಿ, ಆಕಿ ಏನು ಔಷಧ ಹಚ್ಚಿದ್ಲು?”

“ಏನ್ ಔಷಧ ತಂಗಿ! ಒಂದ್ ಕೈಲೆ ಹಚ್ಚಾಕಿ, ಕಾಲಿಲೆ ಚಪ್ಪಲ್ ಹುಡುಕಾಕಿ.”

“ಮತ್ತ ಹೆಂಗ ಮಾಯ್ತು?”

“ನಾ ಬಿಟ್ಟೆ, ಮಾಯ್ತು.”

“ಏನು ಬಿಟ್ಟಿ?”

ಮುದುಕಿ ಒಳಬಾಗಿಲ ಕಡೆ ನೋಡಿದಳು. ಸೊಸೆಗೆ ಕೇಳಿಸುವ ಹಾಗಿರಲಿಲ್ಲ.

“ನೀ ಹೋದ ಮ್ಯಾಲೆ ಪಟ್ಟಿ ಸಡ್ಲಿಸಿ ಸೂಜೀಲೆ ಗಾಯ ಒಂದೀಟು ಬಿಡಿಸ್ತಿದ್ದೆ. ಹೊಲಿಗಿ ಬಿಡಿಸಿದಂಗ.”

ದಾದಿ ಎದ್ದು ನಿಂತಳು. “ನಿನಗೇನು ಬುದ್ಧಿ ಐತೋ ಇಲ್ಲೋ? ಕಾಲು ಹೋಗಿದ್ರ?”

“ಇನ್ನೊಂದು ಐತಲ್ಲವ್ವ,” ಎಂದು ಮುದುಕಿ ನಕ್ಕಳು.

ದಾದಿ ನಗಲಿಲ್ಲ. ಮುದುಕಿಯ ನಗೆಯೂ ನಿಂತಿತು. ಅವಳೇ ಮುಂದೆ ಹೇಳಿದಳು.

“ನಾ ಕೌದಿ ಹೊಲಿಯೋ ಕಾಲಕ್ಕ ಮಂದಿ ಮನ್ಯಾಗ ಹೋಗಿ ಕುಂತು ಹೊಲೀಬೇಕಿತ್ತು. ಕೌದಿ ಮುಗೀತಂದ್ರ ಎದ್ದು ಬರಬೇಕು. ಮತ್ತ ಆ ಮನಿಗೆ ಹೋಗಾಕ ನೆವ ಇಲ್ಲ. ಅದಕ್ಕ, ಮಾತಾಡೋ ಮಂದಿ ಇರೋ ಮನ್ಯಾಗ ಒಂದು ಮೂಲಿ ಹೊಲೀದ ಬಿಟ್ಟು ಬರ್ತಿದ್ದೆ. ‘ಫಕೀರವ್ವಾ, ಮೂಲಿ ಉಳದೈತಿ, ಬಾ’ ಅಂತ ಕರೀತಿದ್ರು. ಮಾತಾಡದ ಮಂದಿ ಮನ್ಯಾಗ ನಾಕೂ ಮೂಲಿ ಬಿಗಿಯಾಗಿ ಹೊಲದು, ಲಗೂನ ಎದ್ದು ಬರ್ತಿದ್ದೆ. ಕೆಲಸ ಅಂದ್ರ ಈಕೀದು ಅಂತ ಹೊಗಳಿದವರೆಲ್ಲ ಅವರ ನೋಡು.”

“ಅಂದ್ರ ಆಕಿ ಬಂದಾಗ...”

“ಆಕಿ ಒಮ್ಮೆ ಬರೂದು ನಿಂತ್ರ ಸಾಕಾಗಿತ್ತವ್ವ.”

ದಾದಿ ಮತ್ತೆ ಕುಳಿತಳು. ಮುದುಕಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಅಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಗಾಯದ ಗುರುತಿನ ಮೇಲೆ ಇಟ್ಟಳು.

ಸೊಸೆ ಹೊರಗೆ ಬಂದಳು. ಕೈಯಲ್ಲಿ ಹಿಟ್ಟು ಹತ್ತಿತ್ತು.

“ಗಾಯ ಮಾಯೈತಲ್ಲರೀ ನರ್ಸಬಾಯಿ, ಮತ್ಯಾಕ ಬಂದ್ರಿ?”

ಅವಳು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ದಾದಿ ಗುರುತಿನ ಮೇಲಿನ ಕೈ ತೆಗೆಯಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದ.

“ಕೆಲಸ ಬಿಟ್ಟಳೇ?”

“ಬಿಡಲಿಲ್ಲ.”

“ಮುದುಕಿಯ ಹತ್ತಿರ ಹೋಗುತ್ತಿದ್ದಳೇ?”

“ಒಮ್ಮೊಮ್ಮೆ. ಅಲ್ಲಿ ಕುಳಿತ ದಿನ ಮುಂದಿನ ಮನೆಯ ಮುದುಕ ಬದಲಿಸದ ಹಸಿ ಪಟ್ಟಿಯಲ್ಲಿ ಕೂತು ಬಾಗಿಲು ನೋಡುತ್ತಿದ್ದ. ಹೋಗದ ದಿನ ಮುದುಕಿ ತನ್ನ ಕಾಲನ್ನು ನೋಡಿಕೊಳ್ಳುತ್ತ ಕೂರುತ್ತಿದ್ದಳು. ಸೂಜಿ ಇನ್ನೂ ಅವಳ ಹತ್ತಿರವೇ ಇತ್ತು.”

ಶಿಷ್ಯನಿಗೆ ಸಿಟ್ಟು ಬಂತು. “ಇದೇನು ಅಜ್ಜಾವರೇ? ಕೆಲಸ ಬರುವವಳ ಕೈಯಲ್ಲಿ ಗಾಯ ಮಾಯಲಿಲ್ಲ. ಮಾಯಿಸಿದವಳಿಗೆ ಕೆಲಸ ಬರುವುದಿಲ್ಲ. ಮಾಯಿಸಿದವಳನ್ನು ಆರಿಸಿದರೆ ಮುದುಕರು ಅವಳನ್ನು ಓಡಿಸುವುದಕ್ಕೆ ಗುಣವಾಗಬೇಕು. ಇವಳನ್ನು ಆರಿಸಿದರೆ ಇವಳು ಬರಲಿ ಎಂದು ಹುಣ್ಣು ಮಾಡಿಕೊಳ್ಳಬೇಕು. ಯಾರನ್ನು ಆರಿಸಲಿ ನಾನು? ಅಥವಾ ಆ ಸೊಸೆಗೇ ಚಾಪೆಯ ಮೇಲೆ ಒಂದು ಗಳಿಗೆ ಕೂರಮ್ಮ ಎಂದು ಹೇಳುವುದು ದಾದಿಯ ಕೆಲಸವೋ? ನಿನ್ನೆಯ ತನಕ ನನಗೆ ಸ್ವಲ್ಪವಾದರೂ ಗೊತ್ತಿತ್ತು. ಈಗ ಅದೂ ಇಲ್ಲ.”

ಗುರುಗಳು ಕೇಳುತ್ತಿದ್ದರು. ಅವರ ಕಾಲು ಇನ್ನೂ ಶಿಷ್ಯನ ತೊಡೆಯ ಮೇಲೆಯೇ ಇತ್ತು.

ದೂರದಲ್ಲಿ ಬಸ್ಸು ಹಾರ್ನ್ ಹಾಕಿದ್ದು ಕೇಳಿಸಿತು. ಶಿಷ್ಯ ಒಂದು ಕೈಯನ್ನು ಚೀಲದ ಮೇಲಿಟ್ಟ.

“ಕೊನೆಯ ಸಲ ಕೇಳುತ್ತೇನೆ, ಅಜ್ಜಾವರೇ. ಒಂದೇ ಮಾತಿನಲ್ಲಿ ಹೇಳಿ, ನಾನು ಹೊರಡುತ್ತೇನೆ. ಬಲ್ಲವಳು ಯಾರು?”

ಗುರುಗಳು ಅವನ ಚೀಲವನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು.

“ನಿನ್ನ ಪ್ರಶ್ನೆಯಲ್ಲಿ ಇನ್ನು ಒಂದೇ ಮೂಲೆ ಉಳಿದಿದೆ; ಅದನ್ನೂ ಹೊಲಿದು ಮುಗಿಸಿಬಿಡಲೇನಪ್ಪ?”