ಕೊಬ್ಬರಿ ವ್ಯಾಪಾರಿಯ ದವಡೆ ಹಲ್ಲು

"ಗುರುಗಳೇ, ವಾಸಿಯಾಗುತ್ತಿರುವ ನೋವನ್ನು ಮನುಷ್ಯ ಮತ್ತೆ ಏಕೆ ಕೆದಕುತ್ತಾನೆ?" ಎಂದು ಶಿಷ್ಯ ಕೇಳಿದ.

ಗುರುಗಳು ಎಲೆಯಡಿಕೆ ಉಗುಳಿ ಬಂದು ಕೂತು ಹೇಳಿದರು:

ಒಬ್ಬ ಕೊಬ್ಬರಿ ವ್ಯಾಪಾರಿ ಇದ್ದ. ಹಲ್ಲಿನಲ್ಲೇ ತೆಂಗಿನಕಾಯಿ ಸುಲಿಯುತ್ತಿದ್ದ ಗಟ್ಟಿಗ. ಇಳಿಜಾರಿನಲ್ಲಿ ನುಗ್ಗುತ್ತಿದ್ದ ಜೋಡೆತ್ತಿನ ಗಾಡಿಯನ್ನು ಹಗ್ಗ ಕಚ್ಚಿ ಹಿಡಿದು ನಿಲ್ಲಿಸಿದ್ದನಂತೆ. ಎತ್ತುಗಳು ತಿರುಗಿ ನೋಡಿ ನಾಚಿಕೊಂಡವಂತೆ. ಆದರೆ ಇದನ್ನೆಲ್ಲ ಕೇಳುವವರು ಯಾರೂ ಉಳಿದಿರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು. ಮಂಡಿಯ ತುಂಬ ಹೊಸಬರು. ಮನೆಯಲ್ಲಿ ಅವನು ಕೆಮ್ಮಿದರೆ ಅವನಿಗೇ ಕೇಳಿಸುತ್ತಿತ್ತು, ಅಷ್ಟೆ.

ಒಮ್ಮೆ ದವಡೆ ಹಲ್ಲಿನ ಮೇಲೆ ಕಪ್ಪು ಗೆರೆಯೊಂದು ಕಂಡಿತು. ಹಲ್ಲಿನ ಡಾಕ್ಟರಮ್ಮನ ಬಳಿ ಹೋದ. ಆಕೆ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಹುಳುಕು ಈಗಷ್ಟೇ ಶುರುವಾಗಿದೆ ಯಜಮಾನರೇ. ಕೊರೆಯುವುದು ಬೇಡ. ಮೇಲೊಂದು ಲೇಪ ಹಾಕಿ ಸೀಲ್ ಮಾಡುತ್ತೇನೆ. ಒಳಗಿನದಕ್ಕೆ ಅನ್ನ ಸಿಗದೆ ಅದು ಅಲ್ಲೇ ನಿಂತುಹೋಗುತ್ತದೆ."

ಲೇಪ ಹಚ್ಚಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದಳು. ನಡುನಡುವೆ "ನೋವಾಯಿತೇ?" ಎಂದಳು. ಹಾಗೆಂದು ಅವನನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. ಎಲ್ಲ ಮುಗಿದ ಮೇಲೆ ಎತ್ತಿನ ಕತೆ ಹೇಳಿದ. ಆಕೆ ನಕ್ಕುಬಿಟ್ಟಳು. "ಆ ಎತ್ತುಗಳನ್ನೂ ಕರೆತನ್ನಿ, ಅವುಗಳ ಹಲ್ಲೂ ನೋಡೋಣ. ನೀವು ಮಾತ್ರ ಇನ್ನೊಂದು ವರ್ಷ ಇತ್ತ ಬರಬೇಕಾಗಿಲ್ಲ."

ಒಂದು ವರ್ಷ!

ವಾರ ಕಳೆಯುವುದರೊಳಗೆ ಗೋಣಿ ಹೊಲಿಯುವ ದಬ್ಬಣದಿಂದ ಆ ಲೇಪವನ್ನು ಎಬ್ಬಿಸಿದ. "ಬಿಟ್ಟುಹೋಯಿತು ತಾಯಿ," ಎಂದು ಹೋಗಿ ಕೂತ. ಆಕೆ ಬೇಸರಿಸದೆ ಮತ್ತೆ ಹಾಕಿದಳು. ಅವನು ಮತ್ತೆ ಕಿತ್ತ, ಮತ್ತೆ ಹೋದ. ಹೋದಾಗಲೆಲ್ಲ ಒಂದು ಹೊಸ ಕತೆ. ಒಮ್ಮೆ ಹುಲಿಯ ಬಾಲವನ್ನೇ ಕಚ್ಚಿದ್ದ! ಆಕೆ ನಗುತ್ತಿದ್ದಳು, ಅವನ ದಿನ ತುಂಬುತ್ತಿತ್ತು. ನಿಂತಿದ್ದ ಹುಳುಕಿಗೂ ಅನ್ನ ಸಿಗತೊಡಗಿತ್ತು.

ಕೊನೆಗೊಂದು ದಿನ ಆಕೆ ನಗಲಿಲ್ಲ.

"ಹುಳುಕು ಬೇರಿಗೆ ಇಳಿದಿದೆ. ಇನ್ನು ಮುಚ್ಚಿ ಫಲವಿಲ್ಲ, ಹಲ್ಲು ಕೀಳಬೇಕು. ಇದು ಲೇಪವನ್ನು ಚುಚ್ಚಿ ಎಬ್ಬಿಸಿದ ಗೀರು, ನನಗೆ ಗೊತ್ತಾಗುತ್ತದೆ. ಉಳಿಯುತ್ತಿದ್ದ ಹಲ್ಲನ್ನು ಯಾಕೆ ಹೀಗೆ ಮಾಡಿಕೊಂಡಿರಿ ಯಜಮಾನರೇ?"

ಗುರುಗಳು ಇನ್ನೊಂದು ಎಲೆಗೆ ಸುಣ್ಣ ಹಚ್ಚತೊಡಗಿದರು.

"ವ್ಯಾಪಾರಿ ಏನೆಂದ?" ಎಂದ ಶಿಷ್ಯ.

"ಬಾಯಿ ಮುಚ್ಚಿದರೆ ಎದ್ದು ಮನೆಗೆ ಹೋಗಬೇಕಲ್ಲ ಎಂದು, ತೆರೆದುಕೊಂಡೇ ಕೂತಿದ್ದ."